ಕಾಫಿ ಹುರಿಯುವ ಕಂಪ್ಯೂಟರ್ ನಿಂತ ದಿನ

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ. ಒಂದು ಪಕ್ಕ ಗೊಬ್ಬರದ ಅಂಗಡಿ, ಇನ್ನೊಂದು ಪಕ್ಕ ಬೇಕರಿ. ಅಪ್ಪ ಅದೇ ಮಳಿಗೆಯಲ್ಲಿ ದಿನಸಿ ಮಾರುತ್ತಿದ್ದವರು. ಅವರು ಸಾಕೆಂದು ಮನೆಯಲ್ಲಿ ಕೂತ ಮೇಲೆ ನಾನು ಅಲ್ಲಿ ಕೀಬೋರ್ಡು, ಮೌಸು, ಪ್ರಿಂಟರಿನ ಇಂಕು ಜೋಡಿಸಿಟ್ಟೆ. ಹಳೆಯ ಗಿರಾಕಿಗಳು ಅಭ್ಯಾಸಬಲದಿಂದ ಬೆಲ್ಲ ಕೇಳಿಕೊಂಡು ಬರುವುದು ನಿಲ್ಲಲು ಒಂದು ಮಳೆಗಾಲವೇ ಕಳೆಯಬೇಕಾಯಿತು. ಸುತ್ತಲಿನ ಎಸ್ಟೇಟುಗಳಿಂದ ಫೋನು ಬಂದರೆ ಬ್ಯಾಗು ಹೆಗಲಿಗೇರಿಸಿ ಜೀಪಿಗೋ ಬಸ್ಸಿಗೋ ಹತ್ತುತ್ತೇನೆ. ಈ ಕೆಲಸದಲ್ಲಿ ನಗುವಿಗೆ ಕೊರತೆಯಿಲ್ಲ. ಆದರೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿದು, ಇನ್ನು ಸಾಕಪ್ಪಾ ದೇವರೇ ಎನ್ನುವಷ್ಟು ನಕ್ಕದ್ದು ಕಳಸದ ದಾರಿಯ ಒಂದು ತೋಟದಲ್ಲಿ, ಕಾಫಿ ಹೂ ಬಿಟ್ಟಿದ್ದ ಒಂದು ಮಾರ್ಚಿನಲ್ಲಿ.

ಅವತ್ತು ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ ಊದುಬತ್ತಿ ಹಚ್ಚುತ್ತಿದ್ದೆ. ಆ ತೋಟದ ಅಮ್ಮನ ಫೋನು ಬಂತು. ಅಮ್ಮ ಎಂದರೆ ತೋಟದ ಒಡತಿ. ಅರವತ್ತು ದಾಟಿದ, ಸ್ವೆಟರಿನ ಮೇಲೆ ಸೆರಗು ಬಿಗಿದುಕೊಂಡು ಓಡಾಡುವ, ಒಂದು ವಾಕ್ಯ ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈಹಾಕುವ ಹೆಂಗಸು.

"ಮಾರಾಯ್ತಿ, ಒಳಗಿಂದು ಎದ್ದೇಳ್ತಾನೇ ಇಲ್ಲ."

"ಹೊರಗಿಂದು ಎದ್ದಿದೆಯಾ ಅಮ್ಮ?"

"ಹೊರಗಿಂದು ಚೆನ್ನಾಗೇ ಉಂಟು. ಒಳಗಿಂದು ಮಾತ್ರ ಮಂಕು ಬಡಿದ ಹಾಗೆ ನಿಂತಿದೆ. ಅಲ್ಲಾಡ್ತಾ ಇಲ್ಲ."

"ಬಲವಂತ ಮಾಡ್ಬೇಡಿ. ನಾನು ಬಂದು ನೋಡೋವರೆಗೂ ಮುಟ್ಲೇಬೇಡಿ."

ರಿಪೇರಿಯಾದ ಪ್ರಿಂಟರ್ ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಗಿರಾಕಿಯೊಬ್ಬರು ಮರುಕದಿಂದ, "ಹಸುವಾ ಅಕ್ಕ? ಕರು ಅಡ್ಡ ತಿರುಗಿದೆಯಾ?" ಎಂದರು. ಕಂಪ್ಯೂಟರ್ ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಆ ಒಳಗಿನದು, ಹೊರಗಿನದು ಏನೆಂದು ಹೇಳಿಬಿಡುತ್ತೇನೆ. ಅಮ್ಮನ ಬಳಿ ಒಂದು ಪುಟ್ಟ ಹುರಿಯುವ ಯಂತ್ರವಿದೆ. ಒಂದು ಸಲಕ್ಕೆ ಎರಡು ಬೊಗಸೆ ಕಾಫಿ ಬೀಜ ಹಿಡಿಸುತ್ತದೆ. ತೋಟದ ಯಾವ ತಾಕಿನ ಕಾಫಿ ಯಾವ ರುಚಿ ಕೊಡುತ್ತದೆಂದು ಪರೀಕ್ಷಿಸಲು ಮಾತ್ರ ಅದು. ಅದನ್ನು ನಡೆಸುವುದು ಕಂಪ್ಯೂಟರ್. ಎಷ್ಟು ಉರಿ, ಯಾವಾಗ ಗಾಳಿ, ಯಾವಾಗ ನಿಲ್ಲಿಸಬೇಕು, ಎಲ್ಲ ಅದರ ಸಾಫ್ಟ್‌ವೇರಿನಲ್ಲಿದೆ. ಆ ಸಾಫ್ಟ್‌ವೇರ್ ಮಾತ್ರ ಹಳೆಯ ಕಾಲದ ವಿಂಡೋಸಿನ ಮೇಲಲ್ಲದೆ ಬೇರೆ ಯಾವುದರ ಮೇಲೂ ಓಡುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ಅವರ ಹಳೆಯ ಕಂಪ್ಯೂಟರಿನೊಳಗೆ ಇರುವೆ ಗೂಡು ಕಟ್ಟಿ ಅದು ಪೂರ್ತಿ ಕೆಟ್ಟಾಗ, ಡಿಸ್ಕಿನಲ್ಲಿದ್ದದ್ದನ್ನೆಲ್ಲ ತೆಗೆದು ಹೊಸ ಕಂಪ್ಯೂಟರಿನೊಳಗೆ ಒಂದು ವರ್ಚುವಲ್ ಮಷೀನ್ ಮಾಡಿ ಕೂರಿಸಿದ್ದೆ. ಅಂದರೆ ಹೊಸ ಕಂಪ್ಯೂಟರಿನ ಪರದೆಯಲ್ಲಿ ಒಂದು ಕಿಟಕಿ. ಆ ಕಿಟಕಿಯೊಳಗೆ ಹಳೆಯ ಕಂಪ್ಯೂಟರ್ ತಾನಿನ್ನೂ ಬದುಕಿದ್ದೇನೆಂದುಕೊಂಡು ಕೆಲಸ ಮಾಡುತ್ತಿರುತ್ತದೆ. ಅಮ್ಮನಿಗೆ ಇದು ಬಹಳ ಹಿಡಿಸಿತ್ತು. ಒಂದಕ್ಕೆ ಒಳಗಿನದು, ಇನ್ನೊಂದಕ್ಕೆ ಹೊರಗಿನದು ಎಂದು ಹೆಸರಿಟ್ಟಿದ್ದರು.

"ನಾಳೆ ಬೆಳಿಗ್ಗೆ ಕಾಫಿ ರುಚಿ ನೋಡೋರು ಬರ್ತಾರೆ ಮಾರಾಯ್ತಿ. ಹುರಿದ ಬೀಜ ಒಂದು ರಾತ್ರಿನಾದ್ರೂ ಆರಬೇಕು. ಇವತ್ತು ಸಂಜೆ ಒಳಗೆ ಹುರೀದಿದ್ರೆ ನಾನು ಅವ್ರಿಗೆ ಬಿಸಿನೀರು ಕೊಟ್ಟು ಕಳಿಸ್ಬೇಕಾಗತ್ತೆ. ನಿನ್ನೆ ಮೊನ್ನೆಯೆಲ್ಲ ಗುಡುಗು, ಕರೆಂಟು ಬರೋದು ಹೋಗೋದು."

ಕರೆಂಟಿನ ಮಾತು ಕೇಳಿ ಅಂಗಡಿಯಲ್ಲಿದ್ದ ಒಂದು ಯುಪಿಎಸ್ಸನ್ನೂ ದೊಡ್ಡ ಹಾರ್ಡ್ ಡಿಸ್ಕೊಂದನ್ನೂ ಎತ್ತಿಕೊಂಡೆ. ಯುಪಿಎಸ್ ಎಂದರೆ ಕರೆಂಟು ಹೋದಾಗ ಸ್ವಲ್ಪ ಹೊತ್ತು ಕಂಪ್ಯೂಟರನ್ನು ಬದುಕಿಸಿಡುವ ಬ್ಯಾಟರಿ ಪೆಟ್ಟಿಗೆ, ಕಲ್ಲಿನಷ್ಟು ಭಾರ. ಕೊಟ್ಟಿಗೆಹಾರದವರೆಗೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಅಲ್ಲಿ ತೋಟದ ಜೀಪು ಕಾಯುತ್ತಿತ್ತು. ಜೀಪಿನಲ್ಲಿದ್ದವರು ತೋಟದ ರೈಟರ್. ಲೆಕ್ಕಪತ್ರ ಬರೆಯುವುದು ಅವರ ಕೆಲಸ. ಇಸ್ತ್ರಿ ಮಾಡಿದ ಅಂಗಿ, ಎರಡು ಪೆನ್ನು, ಮುಖದಲ್ಲಿ ಸದಾ ಪರೀಕ್ಷೆಯ ಮೇಲ್ವಿಚಾರಕರ ಗಾಂಭೀರ್ಯ. ಅವರು ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಬಾಳೂರು ದಾಟಿದ ಮೇಲೆ ದಾರಿಯ ಎರಡೂ ಬದಿಯ ತೋಟಗಳು ಬೆಳ್ಳಗಾಗಿದ್ದವು. ವಾರದ ಹಿಂದೆ ಬಿದ್ದ ಹೂಮಳೆಗೆ ಗಿಡಗಿಡವೂ ಒಟ್ಟಿಗೆ ಅರಳಿತ್ತು. ಕಾಫಿ ಹೂವಿನ ವಾಸನೆಯನ್ನು ಮಲ್ಲಿಗೆಯಂತೆ ಎನ್ನುತ್ತಾರೆ. ಮಲ್ಲಿಗೆಯನ್ನು ಮುಡಿದವರು ದಾಟಿ ಹೋದರೆ ವಾಸನೆಯೂ ಹೋಗುತ್ತದೆ, ಇದು ಹೋಗುವುದಿಲ್ಲ. ಮೈಲಿಗಟ್ಟಲೆ ಅದೇ. ಜೇನುನೊಣಗಳ ಗುಂಯ್‌ಗುಡುವಿಕೆ ಜೀಪಿನ ಸದ್ದಿನ ಮೇಲೂ ಕೇಳುತ್ತಿತ್ತು. ತಲೆ ಆಗಲೇ ಸ್ವಲ್ಪ ಹಗುರಾಗಿತ್ತು ಎಂದು ಈಗ ಅನ್ನಿಸುತ್ತದೆ.

ಜೀಪು ಇಳಿದ ತಕ್ಷಣ ಅಮ್ಮ ಕೈಗೆ ಒಂದು ಬಟ್ಟಲು ಕೊಟ್ಟರು. "ಮೊದಲು ಇದನ್ನ ಕುಡಿ. ನಿನ್ನೆ ಒಳಗಿಂದು ನಿಲ್ಲೋ ಮುಂಚೆ ನಾಲ್ಕೈದು ಲಾಟು ಹುರಿದು ನೋಡಿದ್ದೆ. ಯಾವ ಉರಿ ಸರಿ ಅಂತ ತೀರ್ಮಾನ ಮಾಡ್ಬೇಕು."

"ನನಗೇನು ಗೊತ್ತಾಗತ್ತೆ ಅಮ್ಮ?"

"ಗೊತ್ತಿರೋ ನಾಲಿಗೆ ನಾಳೆ ಬರತ್ತೆ. ಇವತ್ತು ನನಗೆ ಏನೂ ಗೊತ್ತಿಲ್ಲದ ನಾಲಿಗೆ ಬೇಕು. ಇವ್ರನ್ನ ಕೇಳಿದ್ರೆ ಪ್ರಯೋಜನ ಇಲ್ಲ."

ಇವ್ರು ಎಂದರೆ ಯಜಮಾನರು, ಅಮ್ಮನ ಗಂಡ. ಹಜಾರದ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು. ಮೂರು ತಲೆಮಾರಿನ ಕಾಫಿ ಬೆಳೆಗಾರರು, ಹುಟ್ಟಿದಾಗಿನಿಂದ ಕಾಫಿ ಬಾಯಿಗೆ ಹಾಕಿದವರಲ್ಲ. "ನಂಗೆ ಅದು ಎದೆ ಡವಡವ ಅನ್ಸತ್ತೆ ಕಣಮ್ಮ," ಎಂದು ನನಗೆ ಸಮಜಾಯಿಷಿ ಕೊಟ್ಟರು.

ಹಾಲಿಲ್ಲ, ಸಕ್ಕರೆಯಿಲ್ಲ. ಕುಡಿದೆ. ಎರಡನೆಯ ಬಟ್ಟಲು ಬಂತು, ಮೂರನೆಯದೂ ಬಂತು. ಪರಿಣತರು ಬಾಯಲ್ಲಿ ಆಡಿಸಿ ಉಗಿಯುತ್ತಾರೆಂದು ನನಗೆ ಆಮೇಲೆ ತಿಳಿಯಿತು. ನಾನು ಪ್ರತಿ ಸಲ ತಳ ಕಾಣುವವರೆಗೆ ಕುಡಿದೆ, ಮನೆಯವರು ಕೊಟ್ಟದ್ದನ್ನು ಬಿಡಬಾರದೆಂಬ ಮರ್ಯಾದೆಯಿಂದ.

ಹುರಿಯುವ ಕೋಣೆ ಮನೆಯ ಹಿಂಬದಿ, ಕಣದ ಪಕ್ಕದಲ್ಲಿದೆ. ಕಣವೆಂದರೆ ಕಾಫಿ ಒಣಗಿಸುವ ಗಾರೆಯಂಗಳ. ಕಂಪ್ಯೂಟರಿನ ಮುಂದೆ ಕೂತೆ. ಒಳಗಿನದು ನಡುವೆಯೇ ಹೆಪ್ಪುಗಟ್ಟಿ ನಿಂತಿತ್ತು. ನಿನ್ನೆಯ ಗಂಟೆಯನ್ನೇ ತೋರಿಸುತ್ತಿದ್ದ ಅದರ ಗಡಿಯಾರದ ಪಕ್ಕದಲ್ಲಿ ಹುರಿತದ ಬಿಸಿ ತೋರಿಸುವ ಗೆರೆ ಅರ್ಧ ಏರಿ ಅಲ್ಲೇ ಉಳಿದಿತ್ತು. ಮುಂದುವರಿಸು ಎಂದೆ. ಒಂದು ಕ್ಷಣ ಕಣ್ಣು ಬಿಟ್ಟು ಮತ್ತೆ ನಿಂತಿತು. ಜಾಗವಿಲ್ಲ ಎಂಬ ಸಂದೇಶ ಬಂತು.

"ಜಾಗ ಇಲ್ವಂತೆ ಅಮ್ಮ. ಡಿಸ್ಕು ತುಂಬಿದೆ."

ರೈಟರ್ ಹಿಂದಿನಿಂದ ಬಗ್ಗಿ ನೋಡಿದರು. "ಹೇಗೆ ತುಂಬತ್ತೆ ಮೇಡಂ? ನಿನ್ನೆ ನಾನೇ ಒಳಗಡೆ ನೋಡಿದ್ದೆ. ಅರ್ಧಕ್ಕರ್ಧ ಖಾಲಿ ಇತ್ತು."

ಅವರು ಹೇಳಿದ್ದು ಸರಿಯೇ. ಒಳಗಿನ ಯಂತ್ರಕ್ಕೆ ಡಿಸ್ಕು ಕೊಡುವಾಗ ಪೂರ್ತಿ ಜಾಗವನ್ನು ಮೊದಲೇ ಬಿಟ್ಟುಕೊಡುವುದಿಲ್ಲ. ಇಷ್ಟು ದೊಡ್ಡದಿದೆ ಎಂದು ಮಾತು ಮಾತ್ರ ಕೊಟ್ಟಿರುತ್ತೇವೆ. ಅದು ಬೇಕಾದಾಗ ಬೇಕಾದಷ್ಟನ್ನು ಹೊರಗಿನ ಡಿಸ್ಕಿನಿಂದ ಪಡೆಯುತ್ತ ಬೆಳೆಯುತ್ತದೆ. ಹೊರಗಿನ ಡಿಸ್ಕಿನಲ್ಲೇ ಜಾಗ ಮುಗಿದರೆ, ಒಳಗಿನದು ತನಗಿನ್ನೂ ಅರ್ಧ ಖಾಲಿಯಿದೆ ಎಂದುಕೊಂಡೇ ನಿಂತುಬಿಡುತ್ತದೆ. ಇದನ್ನು ನಾನು ರೈಟರಿಗೆ ಹೇಳಿದ ವೇಗ ಎಷ್ಟಿತ್ತೆಂದರೆ ಅವರು ಎರಡು ಸಲ "ಸ್ವಲ್ಪ ನಿಧಾನ" ಎಂದರು. ಮೂರನೆಯ ಬಟ್ಟಲು ಕೆಲಸ ಶುರುಮಾಡಿತ್ತು.

ಹೊರಗಿನ ಡಿಸ್ಕನ್ನು ತಿನ್ನುತ್ತಿರುವುದು ಏನೆಂದು ಹುಡುಕಿದೆ. ಮೊದಲು ಸಿಕ್ಕಿದ್ದು ಸ್ನ್ಯಾಪ್‌ಶಾಟುಗಳು. ಬ್ಯಾಕಪ್ ತೆಗೆಯುವಾಗ ಒಳಗಿನ ಯಂತ್ರದ ಆ ಗಳಿಗೆಯ ಸ್ಥಿತಿಯನ್ನು ಹಾಗೇ ನಿಲ್ಲಿಸಿ, ಆಮೇಲಿನ ಬದಲಾವಣೆಗಳನ್ನೆಲ್ಲ ಬೇರೊಂದು ಫೈಲಿನಲ್ಲಿ ಬರೆಯಲಾಗುತ್ತದೆ. ಬ್ಯಾಕಪ್ ಮುಗಿದ ಮೇಲೆ ಆ ಫೈಲನ್ನು ಮೂಲದೊಳಗೆ ಸೇರಿಸಿ ಅಳಿಸಬೇಕು. ಸೇರಿಸುವ ಹೊತ್ತಿಗೇ ಕರೆಂಟು ಹೋದರೆ ಅದು ಹಾಗೇ ಉಳಿದುಬಿಡುತ್ತದೆ. ಮಾರನೆಯ ದಿನ ಅದರ ಬೆನ್ನ ಮೇಲೆ ಇನ್ನೊಂದು. ಹೂಮಳೆಯ ವಾರವಿಡೀ ಗುಡುಗು, ವಾರವಿಡೀ ಕರೆಂಟಿನ ಕಣ್ಣಾಮುಚ್ಚಾಲೆ. ಒಂದರ ಬೆನ್ನೇರಿ ಒಂದು, ಸಾಲುಸಾಲಾಗಿ ಕೂತಿದ್ದವು.

"ಹಾಗಾದ್ರೆ ಆ ಫೈಲುಗಳನ್ನ ಅಳಿಸಿಬಿಡಿ," ಎಂದರು ರೈಟರ್.

"ಅಯ್ಯೋ ಬೇಡ! ಕೈಯಿಂದ ಅಳಿಸಿದ್ರೆ ಒಳಗಿಂದು ಪೂರ್ತಿ ಹೋದ ಹಾಗೆ. ಅಮ್ಮ ಇಷ್ಟು ವರ್ಷ ಮಾಡಿಟ್ಟ ಉರಿಯ ಅಳತೆಯೆಲ್ಲ ಅದರಲ್ಲೇ ಇದೆ. ಒಂದೊಂದಾಗಿ ಕ್ರಮವಾಗಿ ಸೇರಿಸ್ಬೇಕು."

"ಸೇರ್ಸು ಮತ್ತೆ," ಎಂದರು ಅಮ್ಮ.

"ಸೇರಿಸೋದಕ್ಕೂ ಸ್ವಲ್ಪ ಖಾಲಿ ಜಾಗ ಬೇಕಮ್ಮ."

"ಜಾಗ ಮಾಡೋದಕ್ಕೂ ಜಾಗ ಬೇಕಾ?"

"ಹೌದು."

ಅಮ್ಮ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಇಬ್ಬರಿಗೂ ನಗು ಬಂತು. ಯಾಕೆಂದು ಕೇಳಿದರೆ ಹೇಳಲಾರೆ. ರೈಟರ್ ಕಿಟಕಿಯ ಹೊರಗೆ ನೋಡಿದರು.

ಇನ್ನೂ ಹುಡುಕಿದಾಗ ನಿಜವಾದ ಹೊಟ್ಟೆಬಾಕ ಸಿಕ್ಕಿದ. ಡಿಸ್ಕಿನ ಬಹುಪಾಲನ್ನು ವಿಡಿಯೋಗಳು ತಿಂದಿದ್ದವು. ಕಣಕ್ಕೆ ಕಾಟಿ, ಅಂದರೆ ಕಾಡುಕೋಣ, ನುಗ್ಗಿ ಒಣಹಾಕಿದ ಕಾಫಿಯನ್ನೆಲ್ಲ ತುಳಿದು ಹೋದ ಮೇಲೆ ಅಲ್ಲೊಂದು ಕ್ಯಾಮೆರಾ ಹಾಕಿಸಿದ್ದರು. ಅದರ ರೆಕಾರ್ಡಿಂಗು ಬೇರೆ ಪೆಟ್ಟಿಗೆಯಲ್ಲಿ ಕೂತು ಕೆಲವು ದಿನಗಳಲ್ಲಿ ತಾನೇ ಅಳಿಸಿಹೋಗಬೇಕು. ಆದರೆ ಇಲ್ಲಿ ಯಾರೋ ಅದನ್ನು ಆಸ್ಥೆಯಿಂದ ತಂದು, ಕನ್ನಡದಲ್ಲಿ ಹೆಸರಿಟ್ಟು, ಬೇರೆ ಬೇರೆ ಫೋಲ್ಡರಿನಲ್ಲಿ ಜೋಡಿಸಿದ್ದರು. ಕಾಟಿ. ಕೆಂಜಳಿಲು. ನಾಯಿ ಮತ್ತು ಕೊಡೆ. ಬೆಳಿಗ್ಗೆ.

"ರೀ!" ಎಂದು ಅಮ್ಮ ಕೂಗಿದರು.

ಯಜಮಾನರು ಟೀ ಬಟ್ಟಲು ಹಿಡಿದೇ ಬಂದರು. ಪರದೆ ನೋಡಿ ಮುಖ ಸ್ವಲ್ಪ ಬಣ್ಣಗೆಟ್ಟಿತು. "ಇದು ದೊಡ್ಡ ಕಂಪ್ಯೂಟರ್ ಅಲ್ವಾ, ಜಾಗ ಇರತ್ತೆ ಅಂದ್ಕೊಂಡೆ. ಟೀವಿಯಲ್ಲಿ ಏನೂ ಇರಲ್ಲ ಮಾರಾಯ್ತಿ. ಇದನ್ನ ನೋಡಿದ್ರೆ ಹೊತ್ತು ಹೋಗತ್ತೆ."

"ಅಳಿಸ್ಲಾ ಸಾರ್?"

"ಒಂದು ನಿಮಿಷ, ಒಂದು ನಿಮಿಷ. ಯಾವ್ದು ಅಂತ ನೋಡೋಣ."

ಹೀಗೆ ನಾವು ನಾಲ್ವರೂ ಬೆಂಚು ಎಳೆದುಕೊಂಡು ಕೂತೆವು. ಕಾಟಿಯ ಫೋಲ್ಡರ್ ತೆರೆದೆ. ದೈತ್ಯ ಗಾತ್ರದ ಗೂಳಿಯೊಂದು ಕಣಕ್ಕೆ ಬಂದು, ಟಾರ್ಪಾಲನ್ನು ಮೂಸಿ, ಅದರ ಮೂಲೆ ಕೊಂಬಿಗೆ ಸಿಕ್ಕಿಕೊಂಡು, ಮದುವೆ ಹೆಣ್ಣಿನ ಹಾಗೆ ನೀಲಿ ಟಾರ್ಪಾಲ್ ಹೊದ್ದು ಮೆಲ್ಲಗೆ ತೋಟದೊಳಗೆ ಹೋಯಿತು. ಅಮ್ಮ ನನ್ನ ಭುಜಕ್ಕೆ ತಲೆಯಿಟ್ಟು ನಕ್ಕರು. "ಟಾರ್ಪಾಲು ಕಳ್ಳತನ ಆಯ್ತು ಅಂತ ಪಕ್ಕದ ತೋಟದವ್ರ ಮೇಲೆ ಅನುಮಾನ ಪಟ್ಟಿದ್ನಲ್ಲೇ!" ಇದನ್ನು ಅಳಿಸುವಂತಿಲ್ಲವೆಂದು ಎಲ್ಲರೂ ಒಪ್ಪಿದರು. ಕೆಂಜಳಿಲೆಂಬ ಬೆಕ್ಕಿನ ಗಾತ್ರದ ಅಳಿಲೊಂದು ಯಜಮಾನರ ಚಪ್ಪಲಿಯನ್ನು ಮರಕ್ಕೆ ಹೊತ್ತೊಯ್ಯಲು ಪಟ್ಟ ಪಾಡು ನೋಡಿದೆವು. ಅದನ್ನೂ ಅಳಿಸುವಂತಿಲ್ಲ. ನಾಯಿ ಮತ್ತು ಕೊಡೆಯ ಬಗ್ಗೆ ನಾನು ಬರೆಯಹೋಗುವುದಿಲ್ಲ. ಅದನ್ನು ನೋಡಿಯೇ ತೀರಬೇಕು. ಆ ಕೊಡೆ ರೈಟರರದ್ದಾಗಿತ್ತು. ಅವರು ಕೆಮ್ಮಿದರು.

"ಕೊನೇದು ಬೆಳಿಗ್ಗೆ," ಎಂದೆ. "ಇದೇ ಎಲ್ಲಕ್ಕಿಂತ ದೊಡ್ಡದು."

"ಅದನ್ನ ಮಾತ್ರ ಮುಟ್ಬೇಡಮ್ಮ," ಎಂದರು ಯಜಮಾನರು.

"ಅದ್ರಲ್ಲೇನಿದೆ?" ಅಮ್ಮ ಕೇಳಿದರು.

"ಏನಿಲ್ಲ. ಬೆಳಿಗ್ಗೆ ಇದೆ."

ಅಮ್ಮ ತಾವೇ ಕೈಚಾಚಿ ಒತ್ತಿದರು.

ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಕಣದ ತುಂಬ ಪಾರ್ಚ್‌ಮೆಂಟ್ ಕಾಫಿ, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಹರಡಿದ ಬೀಜ. ಸ್ವೆಟರು, ತಲೆಗೆ ಸ್ಕಾರ್ಫು, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿದ ಅಮ್ಮ ಬರಿಗಾಲಲ್ಲಿ ಬೀಜದ ನಡುವೆ ಸಾಲು ಎಳೆಯುತ್ತ ನಡೆಯುತ್ತಿದ್ದರು. ಕಾಲಲ್ಲಿ ಹಾಗೆ ಮಗುಚಿದರೆ ಕಾಫಿ ಸಮನಾಗಿ ಒಣಗುತ್ತದೆ. ಕಣದ ಕೊನೆಗೆ ಹೋದರು. ಅತ್ತಿತ್ತ ನೋಡಿದರು. ಆಮೇಲೆ ಎರಡೂ ಕೈ ಮೇಲೆತ್ತಿ, ಒಂದು ಜಿಗಿತ ಜಿಗಿದು, ಗಿರ್ರನೆ ಒಂದು ಸುತ್ತು ಸುತ್ತಿ, ಮತ್ತೆ ಏನೂ ಆಗಿಲ್ಲವೆಂಬಂತೆ ಸಾಲು ಎಳೆಯುತ್ತ ಈ ಕಡೆಗೆ ಬಂದರು. ಈ ತುದಿಯಲ್ಲಿ ಮತ್ತೆ ಜಿಗಿತ, ಮತ್ತೆ ಸುತ್ತು. ಈ ಸಲ ಸೊಂಟದ ಮೇಲೆ ಕೈ.

ಮುಂದಿನ ವಿಡಿಯೋ ತಾನಾಗಿ ಶುರುವಾಯಿತು. ಅದು ಇನ್ನೊಂದು ಬೆಳಿಗ್ಗೆ, ಸ್ವೆಟರ್ ಬೇರೆ, ಜಿಗಿತ ಅದೇ. ಅದರ ಮುಂದಿನದು. ಅದರ ಮುಂದಿನದು.

"ಇಷ್ಟೂ ನಾನೇನಾ?" ಅಮ್ಮನ ದನಿ ಸಣ್ಣಗಿತ್ತು.

"ಕುಯ್ಲು ಶುರುವಾದಾಗಿಂದ," ಎಂದರು ಯಜಮಾನರು ಟೀ ಬಟ್ಟಲಿನೊಳಗೆ ನೋಡುತ್ತ. "ಕ್ಯಾಮೆರಾದಲ್ಲಿ ಶಬ್ದ ಬರಲ್ಲ ನೋಡು. ಹಾಡು ಯಾವ್ದು ಅಂತ ಮಾತ್ರ ಇವತ್ತಿಗೂ ಗೊತ್ತಾಗಿಲ್ಲ."

"ಹಾಡೂ ಇಲ್ಲ, ಪಾಡೂ ಇಲ್ಲ! ಗಾರೆ ತಣ್ಣಗೆ ಕೊರೀತಿರತ್ತೆ ಕಣ್ರೀ. ಕಾಲು ಬೆಚ್ಚಗಾಗ್ಲಿ ಅಂತ!"

ಯಜಮಾನರು ತಲೆಯೆತ್ತಿದರು. ಇಷ್ಟು ದಿನ ಒಂದು ಹಾಡನ್ನು ಹುಡುಕುತ್ತಿದ್ದ ಮನುಷ್ಯನ ಮುಖ ಅದು. ಮೊದಲು ಅವರಿಗೇ ನಗು ಬಂತು, ಭುಜ ಕುಲುಕುವ ಸದ್ದಿಲ್ಲದ ನಗು. ಆಮೇಲೆ ಅಮ್ಮನಿಗೆ. ಅಮ್ಮ ನಕ್ಕು ನಕ್ಕು ಬೆಂಚಿನಿಂದ ಜಾರಿ ಕಾಫಿ ಚೀಲಕ್ಕೆ ಒರಗಿದರು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು, "ಎಷ್ಟು ಚಂದ ಜಿಗೀತೀನಿ ಅಲ್ವೇನೇ ಮಾರಾಯ್ತಿ?" ಎಂದು ನನ್ನನ್ನು ಕೇಳಿ ಮತ್ತೆ ನಕ್ಕರು. ನನಗಂತೂ ಪಕ್ಕೆ ಹಿಡಿದುಕೊಂಡಿತ್ತು. ಕಾಫಿ ಏರಿದ ಮೈಗೆ ನಗು ಹೇಗೆ ಹತ್ತುತ್ತದೆಂದರೆ ಒಣ ದರಗೆಲೆಗೆ ಬೆಂಕಿ ಹತ್ತಿದ ಹಾಗೆ.

ಆದರೆ ಹೊತ್ತು ಏರುತ್ತಿತ್ತು. ಏನನ್ನೂ ಅಳಿಸುವುದು ಬೇಡ, ಎಲ್ಲವನ್ನೂ ನಾನು ತಂದ ಹಾರ್ಡ್ ಡಿಸ್ಕಿಗೆ ಸಾಗಿಸೋಣ ಎಂದೆ. ಯಜಮಾನರು ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. "ಇಷ್ಟು ಚಿಕ್ಕದರಲ್ಲಿ ಹಿಡಿಸತ್ತಾ? ಬಿದ್ದುಗಿದ್ದರೆ?" ಹಿಡಿಸುತ್ತದೆ ಸಾರ್ ಎಂದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ನಕಲು ಶುರುಮಾಡಿ ಊಟಕ್ಕೆ ಹೋದೆವು. ಅಕ್ಕಿರೊಟ್ಟಿ, ಎಳೆ ಹಲಸಿನಕಾಯಿ ಪಲ್ಯ. ಊಟವಾದ ಮೇಲೆ ಅಮ್ಮ ಇನ್ನೊಂದು ಲಾಟಿನ ಕಾಫಿ ತಂದರು. ಬೇಡ ಎನ್ನಬೇಕಿತ್ತು. "ಇದು ಕಿತ್ತಳೆ ಸಿಪ್ಪೆ, ಅಲ್ಲ, ಕಿತ್ತಳೆ ಗಿಡದ ಕೆಳಗೆ ನಿಂತ ಹಾಗೆ, ಅಲ್ಲ, ಮಳೆ ಬಂದ ಮೇಲೆ ನಿಂತ ಹಾಗೆ!" ಎಂದು ನಾನು ಕೂಗಿದ್ದು ನೆನಪಿದೆ. ಅಮ್ಮ, "ಹಾಗಾದ್ರೆ ಇದೇ ಉರಿ," ಎಂದು ತೀರ್ಮಾನಿಸಿಬಿಟ್ಟರು.

ವಿಡಿಯೋಗಳು ಆಚೆ ಹೋಗಿ ಜಾಗವಾದ ಮೇಲೆ, ತಂದ ಯುಪಿಎಸ್ಸಿಗೆ ಕಂಪ್ಯೂಟರನ್ನು ಸಿಕ್ಕಿಸಿ, ಸ್ನ್ಯಾಪ್‌ಶಾಟುಗಳನ್ನು ಮೂಲದೊಳಗೆ ಸೇರಿಸಲು ಹೇಳಿದೆ. ಇದು ನಡುವೆ ನಿಲ್ಲಿಸಬಾರದ ಕೆಲಸ. ಒಂದು ಪಟ್ಟಿ ಎಡದಿಂದ ಬಲಕ್ಕೆ ತುಂಬುತ್ತ ಹೋಯಿತು. ಇನ್ನೇನು ತುಂಬಿತು ಎನ್ನುವಾಗ ಅಲ್ಲೇ ನಿಂತಿತು. ನಿಂತೇ ಇತ್ತು.

"ಸತ್ತುಹೋಯ್ತಾ?" ಎಂದರು ಅಮ್ಮ ಪಿಸುಗುಟ್ಟುತ್ತ.

"ಇಲ್ಲ. ಕೊನೆಗೆ ಹೀಗೇ ಇದು. ಮಾಡ್ತಾ ಇರತ್ತೆ, ತೋರಿಸ್ಕೊಳ್ಳಲ್ಲ."

"ಆಫ್ ಮಾಡಿ ಆನ್ ಮಾಡಿದ್ರೆ?" ಎಂದರು ಯಜಮಾನರು.

ಮೂವರೂ ಒಟ್ಟಿಗೆ "ಬೇಡ!" ಎಂದೆವು. ಮೂರನೆಯ ದನಿ ರೈಟರರದು.

ಆಗ ಕಳಸದ ಗುಡ್ಡಗಳ ಕಡೆಯಿಂದ ಗುಡುಗಿತು. ದಪ್ಪ ಹನಿ ಬೀಳತೊಡಗಿ, ಫ್ಯಾನು ನಿಂತಿತು. ಯುಪಿಎಸ್ ಕುಯ್‌ ಕುಯ್‌ ಎಂದು ಅಳತೊಡಗಿತು.

"ಇದು ಎಷ್ಟು ಹೊತ್ತು ಬರತ್ತೆ?"

"ಜಾಸ್ತಿ ಹೊತ್ತು ಬರಲ್ಲ ಅಮ್ಮ. ಜನರೇಟರು!"

ರೈಟರ್ ಅಂಗಿಯ ತೋಳು ಕೂಡ ಮಡಿಸದೆ ಮಳೆಗೆ ಓಡಿದರು. ಹಿಂದೆ ಯಜಮಾನರು, ತಲೆಯ ಮೇಲೆ ಕಾಫಿ ಜಾಲರಿ ಹಿಡಿದುಕೊಂಡು. ಜಾಲರಿ ಮಳೆಯನ್ನು ತಡೆಯುವುದಿಲ್ಲವೆಂದು ಅವರಿಗೆ ಅರ್ಧ ದಾರಿಯಲ್ಲಿ ಹೊಳೆದು ಒಂದು ಕ್ಷಣ ನಿಂತದ್ದು ಕಿಟಕಿಯಿಂದ ಕಾಣಿಸಿತು. ಶೆಡ್ಡಿನಿಂದ ಜನರೇಟರಿನ ಕೆಮ್ಮು ಕೇಳಿತು. ಒಂದು ಸಲ ಕೆಮ್ಮಿ ಸುಮ್ಮನಾಯಿತು. ಇನ್ನೊಂದು ಸಲ. ಯುಪಿಎಸ್ಸಿನ ಅಳು ಜೋರಾಯಿತು. ಅಮ್ಮ ನನ್ನ ಕೈ ಹಿಡಿದುಕೊಂಡರು. ನಾವಿಬ್ಬರೂ ಆ ಪಟ್ಟಿಯನ್ನು ಕಣ್ಣಲ್ಲೇ ನೂಕಿದೆವು.

ಡಬಡಬಡಬ ಎಂದು ಇಡೀ ಮನೆ ಅದುರಿತು. ಫ್ಯಾನು ತಿರುಗಿತು, ಯುಪಿಎಸ್ ಅಳು ನಿಲ್ಲಿಸಿತು. ಅದೇ ಹೊತ್ತಿಗೆ ಎಂಬಂತೆ ಪಟ್ಟಿ ತುಂಬಿ ಮಾಯವಾಯಿತು. ಸ್ನ್ಯಾಪ್‌ಶಾಟುಗಳ ಸಾಲೆಲ್ಲ ಕರಗಿ ಒಂದಾಗಿತ್ತು. ನಾನು ಎದ್ದು ಅಮ್ಮನನ್ನು ತಬ್ಬಿಕೊಂಡೆ. ಅಮ್ಮ ನನ್ನನ್ನು ತಬ್ಬಿಕೊಂಡೇ ಒಂದು ಜಿಗಿತ ಜಿಗಿದರು. ಅದೇ ಜಿಗಿತ! ಬಾಗಿಲಲ್ಲಿ ತೊಯ್ದು ತೊಪ್ಪೆಯಾಗಿ ನಿಂತಿದ್ದ ಯಜಮಾನರು, "ಛೇ, ಇಲ್ಲಿಗೂ ಒಂದು ಕ್ಯಾಮೆರಾ ಹಾಕಿಸ್ಬೇಕಿತ್ತು," ಎಂದರು.

ಒಳಗಿನದು ಎದ್ದಿತು. ಗಡಿಯಾರ ತಾನಾಗಿ ಸರಿಹೋಯಿತು. ಅಮ್ಮನ ಉರಿಯ ಅಳತೆಗಳೆಲ್ಲ ಇದ್ದಲ್ಲೇ ಇದ್ದವು. ಅಮ್ಮ ಬೀಜ ತೂಗಿ ಹಾಕಿ, ಶುರು ಮಾಡು ಎಂದರು. ಒತ್ತಿದೆ. ಹುರಿಯುವ ಯಂತ್ರ ಸಿಗುತ್ತಿಲ್ಲ ಎಂದಿತು ಪರದೆ. ಕೈಯಳತೆಯಲ್ಲಿ ಯಂತ್ರ ಕೂತಿದೆ, ಸಿಗುತ್ತಿಲ್ಲವಂತೆ! ಒಳಗಿನ ಯಂತ್ರ ತಾನಾಗಿ ಹೊರಗಿನ ಪ್ರಪಂಚವನ್ನು ನೋಡಲಾರದು. ಯಾವ ಪೋರ್ಟಿಗೆ ಸಿಕ್ಕಿಸಿದ್ದನ್ನು ಅದಕ್ಕೆ ಒಪ್ಪಿಸಬೇಕೆಂದು ಹೊರಗಿನದಕ್ಕೆ ನಾವು ಹೇಳಿಕೊಟ್ಟಿರಬೇಕು. ಹೇಳಿಕೊಟ್ಟಿದ್ದೆನಲ್ಲ ಎಂದು ತಲೆ ಕೆರೆದುಕೊಂಡೆ. ಕೇಬಲನ್ನು ಹಿಡಿದು ಹುರಿಯುವ ಯಂತ್ರದಿಂದ ಹಿಂಬಾಲಿಸುತ್ತ ಮೇಜಿನ ಕೆಳಗೆ ನುಸುಳಿದೆ. ಅದು ನೆಲದ ಮೇಲೆ ಅನಾಥವಾಗಿ ಬಿದ್ದಿತ್ತು. ಅದು ಇರಬೇಕಾದ ಪೋರ್ಟಿನಲ್ಲಿ ಇನ್ನೊಂದು ಕೇಬಲ್. ಅದರ ತುದಿಯಲ್ಲಿ ಯಜಮಾನರ ಮೊಬೈಲು.

ಮೇಜಿನ ಕೆಳಗಿನಿಂದಲೇ, "ಸಾರ್, ಇದು ಚಾರ್ಜಿಗೆ ಹಾಕಿದ್ರಾ?" ಎಂದೆ.

"ಚಾರ್ಜಿಗಲ್ಲ," ಎಂದರು ಅವರು ಮೆಲ್ಲಗೆ. "ನಿನ್ನ ಡಿಸ್ಕು ಚಿಕ್ಕದಾಯ್ತಲ್ಲ. ಬಿದ್ದುಗಿದ್ದರೆ ಅಂತ, ಬೆಳಿಗ್ಗೇದನ್ನ ನನ್ನ ಫೋನಿಗೂ ಸ್ವಲ್ಪ ಹಾಕ್ಕೊಂಡೆ. ನೀವೆಲ್ಲ ಊಟ ಮಾಡ್ತಿದ್ದಾಗ."

ಮೇಲಿನಿಂದ ಅಮ್ಮನ ದನಿ ಬಂತು, ಗದರಿಕೆಯ ಹಾಗೆ ಶುರುವಾಗಿ ಗದರಿಕೆಯಾಗಿ ಮುಗಿಯದ ದನಿ. "ಹಾಕ್ಕೊಂಡ್ರೆ ಹಾಕ್ಕೊಳ್ಳಿ. ತಲೆ ಒರೆಸ್ಕೊಳ್ಳಿ ಮೊದ್ಲು, ಶೀತ ಆಗತ್ತೆ."

ಕೇಬಲನ್ನು ಅದರ ಜಾಗಕ್ಕೆ ಸಿಕ್ಕಿಸಿದೆ. ಒಳಗಿನದು ಯಂತ್ರವನ್ನು ಗುರುತಿಸಿತು. ಉರುಳೆ ಗಿರಗಿರನೆ ತಿರುಗಿತು, ಬೀಜ ಹಸಿರಿನಿಂದ ಹಳದಿಗೆ, ಹಳದಿಯಿಂದ ಕಂದಿಗೆ ತಿರುಗಿ ಚಟಪಟ ಸಿಡಿಯತೊಡಗಿದಾಗ ಅಮ್ಮ ಕಿವಿಗೊಟ್ಟು ನಿಂತರು. ಅವರಿಗೆ ಆ ಸದ್ದೇ ಗಡಿಯಾರ. ಮಳೆ ನಿಂತು ಸಂಜೆ ಬೆಳಕು ಬೀಳುವ ಹೊತ್ತಿಗೆ ಎಲ್ಲ ಲಾಟುಗಳೂ ಹುರಿದು ತಟ್ಟೆಗಳಲ್ಲಿ ಆರುತ್ತಿದ್ದವು. ಅಷ್ಟರಲ್ಲಿ ನಾನು ಬ್ಯಾಕಪ್ಪಿನ ಹೊತ್ತನ್ನು ಗುಡುಗಿನ ಸಂಜೆಗಳಿಂದ ಬೆಳಗಿಗೆ ಬದಲಿಸಿದೆ. ಹೊರಗಿನ ಡಿಸ್ಕು ತುಂಬುವ ಮೊದಲೇ ಅಮ್ಮನ ಫೋನಿಗೆ ಸಂದೇಶ ಹೋಗುವಂತೆ ಮಾಡಿದೆ. ಯುಪಿಎಸ್ಸನ್ನು ಅಲ್ಲೇ ಬಿಟ್ಟು, ಅದರ ಬ್ಯಾಟರಿ ಮುಗಿಯುತ್ತ ಬಂದರೆ ಒಳಗಿನದು ಮೊದಲು, ಹೊರಗಿನದು ಆಮೇಲೆ ತಾವಾಗಿ ಮರ್ಯಾದೆಯಿಂದ ಮಲಗುವಂತೆ ಹೇಳಿಕೊಟ್ಟೆ. ವಿಡಿಯೋದ ಹಾರ್ಡ್ ಡಿಸ್ಕನ್ನು ಯಜಮಾನರ ಕೈಗೇ ಕೊಟ್ಟೆ. ಅವರು ಅದನ್ನು ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು.

ಬಸ್ಸು ತಪ್ಪಿದ್ದರಿಂದ ಅಲ್ಲೇ ಉಳಿದೆ. ಮಾರನೆಯ ಬೆಳಿಗ್ಗೆ ಅತಿಥಿಗಳು ಬಂದರು, ಮೂವರು. ಇಬ್ಬರು ನಗುಮುಖದವರು, ಒಬ್ಬರು ಕನ್ನಡಕದ ಗಂಭೀರ ಮನುಷ್ಯ. ಅವರದೇ ಕೊನೆಯ ಮಾತೆಂದು ಅಮ್ಮ ನನಗೆ ಮೊದಲೇ ಹೇಳಿದ್ದರು. ಮೇಜಿನ ಮೇಲೆ ಬಟ್ಟಲುಗಳ ಸಾಲು. ಅಮ್ಮ ನನಗೂ ರೈಟರಿಗೂ ಗೋಡೆಯ ಪಕ್ಕ ನಿಂತು ನೋಡಲು ಬಿಟ್ಟರು, ಸದ್ದು ಮಾಡಬಾರದೆಂಬ ಕರಾರಿನ ಮೇಲೆ. ದೇವಸ್ಥಾನದ ಗರ್ಭಗುಡಿಯ ಮುಂದೆ ನಿಂತಷ್ಟು ಶಾಂತಿ. ಗಂಭೀರ ಮನುಷ್ಯ ಚಮಚೆಯಲ್ಲಿ ಕಾಫಿ ತೆಗೆದು ತುಟಿಗೆ ಹಿಡಿದು, ಸರ್ರ್ರ್ ಎಂದು ಇಡೀ ಕೋಣೆಗೆ ಕೇಳುವಂತೆ ಹೀರಿದರು. ಮನೆಯಲ್ಲಿ ಮಕ್ಕಳು ಹಾಗೆ ಹೀರಿದರೆ ತಲೆಗೆ ಮೊಟಕುತ್ತಾರೆ. ಪಕ್ಕದವರು ಇನ್ನೂ ಜೋರಾಗಿ, ಸರ್ರ್ರ್ರ್. ಮೂರನೆಯವರು ಒಂದು ಸ್ವರ ಮೇಲೆ.

ನಾನು ಕೆನ್ನೆ ಒಳಗಿನಿಂದ ಕಚ್ಚಿಕೊಂಡೆ. ಅಮ್ಮನ ಕಡೆ ನೋಡಬಾರದೆಂದು ನಿರ್ಧರಿಸಿದೆ. ನೋಡಿದೆ. ಅಮ್ಮ ಸೆರಗನ್ನು ಬಾಯಿಗೊತ್ತಿಕೊಂಡಿದ್ದರು, ಭುಜ ಕುಣಿಯುತ್ತಿತ್ತು. ನನ್ನ ಮೂಗಿನಿಂದ ಕುದುರೆಯ ಸದ್ದಿನಂಥದೊಂದು ಹೊರಬಿತ್ತು. ಗಂಭೀರ ಮನುಷ್ಯ ಚಮಚೆ ಹಿಡಿದೇ ತಿರುಗಿ ನನ್ನನ್ನು ನೋಡಿದರು. ಎಲ್ಲ ಮುಗಿಯಿತೆಂದುಕೊಂಡೆ. ಅವರ ತುಟಿಯ ಒಂದು ಕೊನೆ ನಡುಗಿತು, ಕನ್ನಡಕ ಮೇಲೆ ಹೋಯಿತು, ಬಾಯಲ್ಲಿದ್ದ ಕಾಫಿ ಅಂಗಿಯ ಮೇಲೆ ಇಳಿಯಿತು. "ಇಪ್ಪತ್ತು ವರ್ಷದಿಂದ ಹೀರ್ತಾ ಇದೀನಿ," ಎಂದರು ಕರವಸ್ತ್ರ ಹುಡುಕುತ್ತ, "ನಗೋರು ಇದ್ದೇ ಇರ್ತಾರೆ. ಆದ್ರೆ ಎಲ್ಲರೂ ಆಮೇಲೆ, ಬೆನ್ನ ಹಿಂದೆ ನಗೋದು. ಎದುರಿಗೇ ನಕ್ಕಿದ್ದು ನೀವೇ ಮೊದಲು!"

ಆಮೇಲೆ ಕೆಲಸ ಸರಾಗವಾಯಿತು. ಒಂದು ಲಾಟಿನ ಮುಂದೆ ಅವರು ಮತ್ತೆ ಮತ್ತೆ ನಿಂತರು. "ಇದರಲ್ಲಿ ಹೂವಿನ ಪರಿಮಳ ಇದೆ ಅಂತ ಬರೀಬೇಕು ಅನ್ಸತ್ತೆ. ಆದ್ರೆ ಹೊರಗಡೆ ಇಡೀ ತೋಟ ಹೂ ಬಿಟ್ಟಿದೆ. ನನ್ನ ಮೂಗನ್ನ ನಾನೇ ಹೇಗೆ ನಂಬ್ಲಿ?" ಎಂದರು. ಕಿಟಕಿಗಳನ್ನು ಮುಚ್ಚಿಸಿದರು, ಬಾಗಿಲಿನ ಸಂದಿಗೆ ಗೋಣಿ ಒತ್ತಿಸಿದರು. ಹೊಸದಾಗಿ ಬಟ್ಟಲು ಸಿದ್ಧಮಾಡಿಸಿ, ಕಣ್ಣು ಮುಚ್ಚಿ ಇನ್ನೊಮ್ಮೆ ಹೀರಿದರು. ಹೂವು ಬಟ್ಟಲಿನಲ್ಲೇ ಇತ್ತು. ಆ ತಾಕಿನ ಕಾಫಿಯನ್ನು ಬೇರೆ ಯಾವುದರ ಜೊತೆಗೂ ಬೆರೆಸದೆ, ತೋಟದ ಹೆಸರಿನಲ್ಲೇ ಮಾರಬೇಕೆಂದು ಅಮ್ಮನಿಗೆ ಹೇಳಿದರು. ಅಮ್ಮ ಹೋಗಿ ಮುಚ್ಚಿದ ಕಿಟಕಿಗಳನ್ನು ಒಂದೊಂದಾಗಿ ತಾವೇ ತೆರೆದರು.

ಮಧ್ಯಾಹ್ನ ರೈಟರ್ ನನ್ನನ್ನು ಜೀಪಿನಲ್ಲಿ ಕೊಟ್ಟಿಗೆಹಾರಕ್ಕೆ ಬಿಡಲು ಹೊರಟರು. ನಿನ್ನೆಯ ಮಳೆಗೆ ಹೂಗಳು ಸ್ವಲ್ಪ ಬಾಡಿ, ದಾರಿಯ ಮೇಲೆ ಬೆಳ್ಳಗೆ ಉದುರಿದ್ದವು. ಒಂದು ತಿರುವಿನಲ್ಲಿ ರೈಟರ್ ಗೇರು ಬದಲಿಸುತ್ತ, ದಾರಿಯಿಂದ ಕಣ್ಣು ತೆಗೆಯದೆ, ಬಹಳ ಯೋಚಿಸಿ ಎಂಬಂತೆ ಬಾಯಿಂದ ಸರ್ರ್ರ್ ಎಂದು ಸದ್ದು ಮಾಡಿದರು.

ನಾನು ಅವರನ್ನು ನೋಡಿದೆ. ಅವರ ಮುಖದಲ್ಲಿ ಗಾಂಭೀರ್ಯ ಇನ್ನೂ ಇತ್ತು, ಆದರೆ ಅಂಚುಗಳಲ್ಲಿ ಬಿಡುತ್ತಿತ್ತು. ಆಮೇಲೆ ಅದು ಪೂರ್ತಿ ಒಡೆಯಿತು. ಅಂಥ ದೊಡ್ಡ ನಗು ಆ ಇಸ್ತ್ರಿಯ ಅಂಗಿಯೊಳಗೆ ಎಲ್ಲಿ ಅಡಗಿತ್ತೋ! ಜೀಪು ಅತ್ತಿತ್ತ ಓಲಾಡಿದಾಗ ಅವರು ಅದನ್ನು ಬದಿಗೆ ತಂದು ನಿಲ್ಲಿಸಿ, ಕೈಬ್ರೇಕು ಎಳೆದು, "ಒಂದು ನಿಮಿಷ ಇರಿ ಮೇಡಂ. ಇದು ಮುಗೀಲಿ, ಆಮೇಲೆ ಹೋಗೋಣ," ಎಂದರು.